ಸತ್ತವನ ಹಾಜರಿ

"ಮುಟ್ಟಬ್ಯಾಡ್ರಿ ಕಾಕಾರ. ಆ ರೇಡಿಯೋ ಡಬ್ಬಿ ನಮ್ಮ ಮನಿಗೆ ಮಾಡಿದ್ದು ಸಾಕು."

ಗಿರಮಲ್ಲಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಕಾವೇರಿಯ ಕಣ್ಣಲ್ಲಿ ನೀರಿರಲಿಲ್ಲ. ಒಂಬತ್ತು ದಿನ ಅತ್ತು ಮುಗಿಸಿದ ಮೇಲೆ ಉಳಿದ ಸಿಟ್ಟು ಮಾತ್ರ ಇತ್ತು.

ಇದೇ ಕೋಣೆಯಲ್ಲಿ, ನೆಲದಲ್ಲಿ ಕುಣಿ ತೋಡಿ ಹೂಡಿದ ಇದೇ ಕುಣಿಮಗ್ಗದ ಪಕ್ಕದಲ್ಲಿ, ಬನಹಟ್ಟಿಯ ನೇಕಾರ ಶಿದ್ರಾಮಪ್ಪ ತಲೆಯ ಹಿಂಬದಿಗೆ ಪೆಟ್ಟು ತಿಂದು ಬಿದ್ದಿದ್ದ. ಅವನ ತಂಗಿಯ ಮಗ ಬಾಳೇಶನನ್ನು, ಅಂದರೆ ಕಾವೇರಿಯ ಗಂಡನನ್ನು, ಪೊಲೀಸರು ಅದೇ ಸಂಜೆ ಒಳಗೆ ಹಾಕಿದರು. ಹಾಕಿಸಿದ್ದು ಗಿರಮಲ್ಲಪ್ಪನ ಒಂದು ಮಾತು.

ಆ ಮಾತು ಇಷ್ಟೇ: ಜನವರಿ ಹತ್ತೊಂಬತ್ತರ ಬೆಳಗಿನ ಆರು ಗಂಟೆ ನಾಲ್ಕು ನಿಮಿಷಕ್ಕೆ ಶಿದ್ರಾಮಪ್ಪ ಜೀವಂತ ಇದ್ದ; ರೇಡಿಯೋದಲ್ಲಿ ಹಾಜರಿ ಕೊಟ್ಟ; ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮೂವತ್ತೊಂದು ವರ್ಷ ಪೊಲೀಸ್ ವೈರ್‌ಲೆಸ್ಸಿನಲ್ಲಿ ಕಿವಿ ಸವೆಸಿದ ನಿವೃತ್ತ ಹೆಡ್ ಕಾನ್‌ಸ್ಟೇಬಲ್‌ನ ಮಾತು ಅದು. ಯಾರು ಅನುಮಾನಿಸುತ್ತಾರೆ? ಆರರ ಮೇಲೆ ಓಣಿಗೆ ಓಣಿಯೇ ಎದ್ದು ಕೂತಿತ್ತು. ಎದುರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನಾಲ್ವರು ಆ ಮನೆ ಹೊಕ್ಕದ್ದನ್ನು ಕಂಡದ್ದು ಒಬ್ಬನನ್ನೇ. ಸೊಲ್ಲಾಪುರದ ಬಸ್ಸಿಳಿದು, ಬಗಲಲ್ಲಿ ನೂಲಿನ ಗಂಟು ಇಟ್ಟುಕೊಂಡು, ಏಳಕ್ಕೆ ಒಳಗೆ ಹೋದವನು ಬಾಳೇಶ. ಕಾಲು ತಾಸಿನ ಮೇಲೆ ಚೀರುತ್ತ ಹೊರಗೆ ಬಂದವನೂ ಅವನೇ. ಕುಣಿಮಗ್ಗ ಕಿತ್ತು ಅಲ್ಲಿ ಪವರ್‌ಲೂಮ್ ಹೂಡುವ ವಿಷಯಕ್ಕೆ ಹಿಂದಿನ ವಾರವಷ್ಟೇ ಇಬ್ಬರೂ ಓಣಿಗೆಲ್ಲ ಕೇಳುವ ಹಾಗೆ ಜಗಳಾಡಿದ್ದರು. ಡಾಕ್ಟರು ಸಾವಿನ ಹೊತ್ತನ್ನು ನಾಲ್ಕರಿಂದ ಏಳೂವರೆ ಎಂದು ಬರೆದರು. ಆ ನಾಲ್ಕನ್ನು ಆರು ಮಾಡಿದ್ದು ಗಿರಮಲ್ಲಪ್ಪನ ಪುಸ್ತಕ.

"ಅರ್ಧಾ ತಾಸು ಅಂದೀರಿ, ಗಿರಮಲ್ಲಪ್ಪನವರ," ಎಂದ ಪಿಎಸ್‌ಐ ಮಲ್ಲಿನಾಥ, ಕೈಗಡಿಯಾರ ನೋಡಿಕೊಳ್ಳುತ್ತ. ಹಳೆಯ ಸಿಬ್ಬಂದಿ ಎಂಬ ಮರ್ಯಾದೆಗೆ ಬೀಗ ತೆಗೆಸಿದ್ದ. "ನಾಳಿ ಹನ್ನೊಂದಕ್ಕ ಕೋರ್ಟಿನಾಗ ನಿಮ್ಮ ಹೇಳಿಕಿ ಐತಿ. ಪ್ರಮಾಣ ಮಾಡಿ ಹೇಳೂದು. ಆಮ್ಯಾಲ ಮಾತು ತಿರವಾಕ ಬರಂಗಿಲ್ಲ, ಗೊತ್ತೈತಲ್ಲ?"

"ಗೊತ್ತೈತ್ರಿ ಸಾಹೇಬ್ರ. ಅದರ ಸಲುವಾಗೇ ಬಂದೇನಿ."

"ಹಂಗಾರ ನನ್ನ ಮುಂದ ಒಂದ ಮಾತ ಹೇಳ್ರಿ," ಕಾವೇರಿ ಒಳಗೆ ಒಂದು ಹೆಜ್ಜೆ ಇಟ್ಟಳು. "ಅವತ್ತ ಮುಂಜಾನಿ ನಮ್ಮ ಮಾವನ ದನಿ ಕೇಳೀರೇನು ನೀವು?"

"ದನಿ ಕೇಳಿಲ್ಲವ್ವಾ."

"ಮತ್ತೇನ ಕೇಳೀರಿ?"

"ಎರಡ ಸಲ ಟಕ್ ಅಂತು."

ಮಲ್ಲಿನಾಥ ಗಡಿಯಾರದಿಂದ ತಲೆಯೆತ್ತಿದ. "ಏನಂದ್ರಿ? ಹೇಳಿಕಿಯೊಳಗ ಹಾಜರಿ ಕೊಟ್ಟಾನ ಅಂತ ಬರಿಸೀರಿ."

"ಅದೇ ಹಾಜರಿರಿ."

ಹೊರಗಿನವರಿಗೆ ಇದು ಅರ್ಥವಾಗುವ ಮಾತಲ್ಲ. ಆಲಮಟ್ಟಿ ಕಡೆ ಕೆಲಸ ಮುಗಿಸಿ ಗುತ್ತಿಗೆದಾರನೊಬ್ಬ ಕ್ಯಾಂಪು ಕಿತ್ತಾಗ, ಗುಜರಿಗೆ ಬಿದ್ದ ಸಾಮಾನುಗಳಲ್ಲಿ ಎಂಟು ಹಳೆಯ ಸಿ.ಬಿ. ರೇಡಿಯೋಗಳಿದ್ದವು. ಎಪ್ಪತ್ತರ ದಶಕದ ಪರದೇಶಿ ಮಾಲು. ಇಟ್ಟಿಗೆಗಿಂತ ತುಸು ದೊಡ್ಡ ಬೂದು ಪೆಟ್ಟಿಗೆ, ಸುರುಳಿ ವಾಯರಿನ ಮೈಕು, ಒಟ್ಟು ಇಪ್ಪತ್ಮೂರು ಚಾನೆಲ್ಲುಗಳಲ್ಲಿ ಯಾವುದಾದರೂ ಆರು. ಮೈಕಿನ ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಅವುಗಳಲ್ಲಿ ನಾಲ್ಕಕ್ಕೆ ಜೀವ ಬಂತು. ಒಂದು ಜಮಖಂಡಿಯ ಗಿರಮಲ್ಲಪ್ಪನ ಮನೆಗೆ ಹೋಯಿತು, ಒಂದು ಬನಹಟ್ಟಿಯ ಶಿದ್ರಾಮಪ್ಪನಿಗೆ, ಒಂದು ಮುಧೋಳದಲ್ಲಿ ಬೇಟೆನಾಯಿ ಸಾಕುವ ಪಾಂಡಪ್ಪನಿಗೆ, ಇನ್ನೊಂದು ಬೀಳಗಿಯ ನಿವೃತ್ತ ಶಿಕ್ಷಕಿ ಪದ್ಮವ್ವನಿಗೆ. ಜನರ ಕೈಗೆಲ್ಲ ಮೊಬೈಲು ಬರುವ ಕಾಲದಲ್ಲಿ ಇದೆಂಥ ಹುಚ್ಚು ಎಂದು ನಾಲ್ಕು ಊರೂ ನಕ್ಕವು. ಇವರು ನಗಲಿ ಬಿಡಿ ಎಂದು ದಿನಾ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಹನ್ನೊಂದನೆಯ ಚಾನೆಲ್ಲಿನಲ್ಲಿ ಸೇರತೊಡಗಿದರು. ಗಿರಮಲ್ಲಪ್ಪ ಊರಿನ ಹೆಸರು ಕರೆಯಬೇಕು, ಅವರು ಹಾಜರ್ ಎನ್ನಬೇಕು.

ಬೆಳಿಗ್ಗೆ ಆರಕ್ಕೆ ಬನಹಟ್ಟಿಯ ಆ ಓಣಿಯಲ್ಲಿ ಪವರ್‌ಲೂಮುಗಳು ಶುರುವಾಗುತ್ತವೆ. ಅದರ ಸದ್ದಿನಲ್ಲಿ ಶಿದ್ರಾಮಪ್ಪ ಗಂಟಲು ಹರಿದುಕೊಂಡರೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಅವನು ಮಾತು ಬಿಟ್ಟು ಗುಂಡಿಯನ್ನಷ್ಟೇ ಎರಡು ಸಲ ಒತ್ತಿ ಬಿಡುತ್ತಿದ್ದ. ಕೇಳುವವರಿಗೆ ಟಕ್, ಟಕ್. ಬರಬರುತ್ತ ಅದೇ ರೂಢಿಯಾಯಿತು. ಮಾತು ಕಡಿಮೆಯಿದ್ದ ಪದ್ಮವ್ವನೂ ಅದನ್ನೇ ಹಿಡಿದಳು.

"ಅಂದ್ರ," ಮಲ್ಲಿನಾಥ ನಿಧಾನಕ್ಕೆ ಕೇಳಿದ, "ನೀವು ಬನಹಟ್ಟಿ ಅಂತ ಕರದ್ರಿ, ಯಾರೋ ಎರಡ ಸಲ ಗುಂಡಿ ಒತ್ತಿದ್ರು. ಅದು ಇವನ ಅಂತ ಹೆಂಗ ಹೇಳ್ತೀರಿ?"

ಐದು ವರ್ಷದಿಂದ ಬನಹಟ್ಟಿ ಎಂದಾಗಲೆಲ್ಲ ಎರಡು ಟಕ್ ಬಂದಿವೆ, ಐದು ವರ್ಷದಿಂದ ಅದು ಶಿದ್ರಾಮಪ್ಪನೇ. ಇಷ್ಟು ಸಣ್ಣ ಪ್ರಶ್ನೆ ಒಂಬತ್ತು ದಿನ ತನ್ನ ತಲೆಗೆ ಹೊಳೆಯದಿದ್ದುದಕ್ಕೆ ಗಿರಮಲ್ಲಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅವನು ಗೋಡೆಯ ಗೂಡಿನಲ್ಲಿದ್ದ ಸೆಟ್ಟಿನ ಹತ್ತಿರ ಬಗ್ಗಿದ. ಈ ಸಲ ಕಾವೇರಿ ತಡೆಯಲಿಲ್ಲ.

ಧೂಳು ಕೂತಿತ್ತು. ಚಾನೆಲ್ಲಿನ ಗುಂಡಿ ಹನ್ನೊಂದರಲ್ಲೇ ಇತ್ತು. ಮೈಕು ಕೊಕ್ಕೆಯಲ್ಲಿತ್ತು. ಹಿಂಬದಿಗೆ ಬೆರಳಾಡಿಸಿದವನ ಕೈ ಅಲ್ಲೇ ನಿಂತಿತು. ಮಾಳಿಗೆಯ ಮೇಲಿನ ಏರಿಯಲ್‌ನಿಂದ ಇಳಿದ ಕರಿ ವಾಯರಿನ ತುದಿ ಸೆಟ್ಟಿನಲ್ಲಿರಲಿಲ್ಲ. ಪಕ್ಕದ ಮೊಳೆಗೆ ಎರಡು ಸುತ್ತು ಸುತ್ತಿ ನೇತುಹಾಕಿತ್ತು.

"ಸಾಹೇಬ್ರ, ಇದನ್ನ ಯಾರ ಬಿಚ್ಚ್ಯಾರ?"

"ಯಾರೂ ಮುಟ್ಟಿಲ್ಲ. ಅವತ್ತಿಂದ ಕ್ವಾಣಿಗೆ ಬೀಗ ಐತಿ." ಮಲ್ಲಿನಾಥ ಚೀಲದಿಂದ ಪಂಚನಾಮೆಯ ಫೋಟೋಗಳನ್ನು ತೆಗೆದು ಒಂದೊಂದಾಗಿ ಸರಿಸಿದ. ನಾಲ್ಕನೆಯದರ ಮೂಲೆಯಲ್ಲಿ ಗೂಡು ಇತ್ತು, ಮೊಳೆ ಇತ್ತು, ಮೊಳೆಗೆ ಸುತ್ತಿದ ವಾಯರೂ ಇತ್ತು. "ನೋಡ್ರಿ. ಅವತ್ತೂ ಹಿಂಗ ಐತಿ."

ಗಿರಮಲ್ಲಪ್ಪ ಮಗ್ಗದ ಕುಣಿಯ ಅಂಚಿಗೆ ಕೂತುಬಿಟ್ಟ.

"ಮೂರು ವರ್ಷದ ಹಿಂದ ಸಿಡ್ಲು ಬಡದು ಇವನ ಸೆಟ್ಟು ಸುಟ್ಟಿತ್ರಿ. ಅವತ್ತಿಂದ ಮಳಿ ಇರಲಿ, ಥಂಡಿ ಇರಲಿ, ಮಲಗೂ ಮುಂದ ಏರಿಯಲ್ ಬಿಚ್ಚಿ ಮೊಳಿಗೆ ಹಾಕಾಂವ. ಮುಂಜಾನಿ ಮಾರಿ ತೊಳಕೊಂಡು ಮೊದಲ ಅದನ್ನ ಜೋಡಸಾಂವ, ಆಮ್ಯಾಲ ಚಹಾ. ಕಾವೇರಿ, ಖರೆ ಐತಿಲ್ಲೋ?"

"ಖರೆ ಐತ್ರಿ. ಹಗಲೆಲ್ಲಾ ಹಾಕೇ ಇಡ್ತಿದ್ದ."

"ಏರಿಯಲ್ ಇಲ್ದ ಗುಂಡಿ ಒತ್ತಿದ್ರ ಏನಾಗತೈತಿ?" ಎಂದ ಮಲ್ಲಿನಾಥ.

"ಒಳಗಿಂದು ಸುಡತೈತಿ. ಅದರ ಸದ್ದು ಈ ಓಣಿ ಸೈತ ದಾಟಂಗಿಲ್ಲ. ಜಮಖಂಡಿ ಎಲ್ಲಿಂದ ಮುಟ್ಟಬೇಕು? ಈ ಸೆಟ್ಟು ಅವತ್ತ ಮುಂಜಾನಿ ಬಾಯಿ ತಗದಿಲ್ರಿ ಸಾಹೇಬ್ರ. ಆರಾಗೂದ್ರಾಗ ಶಿದ್ರಾಮ ಸತ್ತಿದ್ದ. ನಾ ಸತ್ತವನ ಹೆಸರಿನ ಮುಂದ ಹಾಜರ್ ಬರದೇನಿ."

ಕಾವೇರಿ ಬಾಯಿಗೆ ಸೆರಗು ಒತ್ತಿಕೊಂಡಳು. ಆರಕ್ಕೆ ಮುಂಚೆ ಬಾಳೇಶ ಬಸ್ಸಿನಲ್ಲಿದ್ದ. ಟಿಕೀಟಿದೆ, ಕಂಡಕ್ಟರಿದ್ದಾನೆ. ಅವಳ ಗಂಡ ಮನೆಗೆ ಬರುವುದಕ್ಕೂ ಬಾರದಿರುವುದಕ್ಕೂ ನಡುವೆ ಇದ್ದದ್ದು ಆ ನಾಲ್ಕು ನಿಮಿಷವೇ.

ಮಲ್ಲಿನಾಥ ಮಾತ್ರ ತಲೆಯಾಡಿಸಿದ. "ನಾ ನಂಬತೇನಿ. ಕೋರ್ಟು ನಂಬಂಗಿಲ್ಲ. ಒಂದಿನ ರೂಢಿ ತಪ್ಪಿ ಹಾಜರಿ ಕೊಟ್ಟು ಬಿಚ್ಚಿಟ್ಟಾನ ಅಂದ್ರ ಏನ ಹೇಳ್ತೀರಿ? ಆ ಟಕ್ ಟಕ್ ಬ್ಯಾರೆ ಕಡಿಂದ ಬಂತು ಅನ್ನಾಕ ಬರದದ್ದು ಏನರ ಬೇಕು."

ಬರೆದದ್ದು. ಗಿರಮಲ್ಲಪ್ಪ ಎದ್ದು ನಿಂತ. ಬರೆದದ್ದು ಇತ್ತು. ವೈರ್‌ಲೆಸ್ಸಿನ ಚಾಕರಿ ಅವನ ಕೈಗೆ ಕಲಿಸಿಟ್ಟ ಒಂದು ಚಾಳಿ ಇತ್ತು: ಹೊತ್ತು, ಊರು, ಹಾಜರ್ ಅಥವಾ ಗೈರು, ಅದರ ಮುಂದೆ ಮೀಟರಿನ ಮುಳ್ಳು ಎಷ್ಟಕ್ಕೆ ಏರಿತು ಎಂಬ ಅಂಕಿ. ದೂರದ ಸೆಟ್ಟಾದರೆ ಮುಳ್ಳು ಕಡಿಮೆ ಏರುತ್ತದೆ, ಹತ್ತಿರದ್ದಾದರೆ ಜಾಸ್ತಿ. ಹೇಳಿಕೆ ಬರೆದುಕೊಂಡವರು ಹೊತ್ತನ್ನಷ್ಟೇ ನಕಲು ಮಾಡಿಕೊಂಡಿದ್ದರು. ಆ ಅಂಕಿ ಏನೆಂದು ಯಾರೂ ಕೇಳಲಿಲ್ಲ, ಇವನೂ ತಿರುಗಿ ನೋಡಲಿಲ್ಲ.

ಓಣಿಯ ತುದಿಯ ಎಸ್‌ಟಿಡಿ ಬೂತಿನಿಂದ ಅವನು ಮನೆಗೆ ಫೋನು ಹಚ್ಚಿದ. ಎತ್ತಿದ್ದು ಮಗಳು ರೇಷ್ಮಾ.

"ಅಪ್ಪಾ, ಊಟ ಮಾಡಿಯಿಲ್ಲೋ?"

"ಆತವ್ವಾ. ಸೆಟ್ಟಿನ ಬಾಜೂಕ ಹಾಜರಿ ಪುಸ್ತಕ ಐತಿ ನೋಡು. ಹತ್ತೊಂಬತ್ತನೇ ತಾರೀಖಿನ ಹಾಳಿ ತಗಿ. ಮುಂಜಾನಿದು ಓದು."

ಹಾಳೆ ಮಗುಚುವ ಸದ್ದು. "ಮುಧೋಳ, ಆರು ಎರಡು, ಹಾಜರ್, ನಾಕು. ಬೀಳಗಿ, ಆರು ಮೂರು, ಹಾಜರ್, ಎರಡು. ಬನಹಟ್ಟಿ, ಆರು ನಾಕು, ಹಾಜರ್, ಒಂಬತ್ತು."

"ಇನ್ನೊಮ್ಮೆ ಓದು."

"ಒಂಬತ್ತಪಾ. ನಿನ್ನ ಅಕ್ಷರ ನಂಗ ಗೊತ್ತಿಲ್ಲೇನು?"

"ಅದರ ಹಿಂದಿನ ದಿನದ್ದು?"

"ಬನಹಟ್ಟಿ ಐದು. ಅದರ ಹಿಂದಿಂದೂ ಐದು. ಎಲ್ಲಾ ಐದೇ ಅದಾವು. ಯಾಕಪಾ?"

ಅವಳ ಹಿಂದೆ ಗಂಡಸಿನ ದನಿ ಕೇಳಿತು. ಅಳಿಯ ಅಮೋಲ, ಊಟಕ್ಕೆ ಮನೆಗೆ ಬಂದಿದ್ದನೆಂದು ಕಾಣುತ್ತದೆ. "ಯಾರದ ಫೋನು?" "ಅಪ್ಪಂದ್ರಿ. ಹಾಜರಿ ಪುಸ್ತಕ ಓದಸಾಕತ್ತಾನ."

"ರೇಷ್ಮಾ, ಆ ಪುಸ್ತಕ ಜ್ವಾಕಿ ತಗದಿಡು. ನಾಳಿ ಕೋರ್ಟಿಗೆ ಬೇಕು," ಎಂದ ಗಿರಮಲ್ಲಪ್ಪ.

ಬನಹಟ್ಟಿಯ ಸೆಟ್ಟು ಅವನ ಮೀಟರಿನಲ್ಲಿ ಎಂದೂ ಐದು ದಾಟಿದ್ದಿಲ್ಲ. ಒಂಬತ್ತೆಂದರೆ ಮುಳ್ಳು ಹೋಗಿ ಕೊನೆಗೆ ಬಡಿಯಬೇಕು, ಗುಂಡಿ ಒತ್ತಿದವನು ಜಮಖಂಡಿಯೊಳಗೇ ಇರಬೇಕು. ಕಣ್ಣು ಅದನ್ನು ಕಂಡಿತ್ತು, ಕೈ ಬರೆದಿತ್ತು, ತಲೆ ಮಾತ್ರ ಬೇರೆಡೆ ಇತ್ತು. ಹಿಂದಿನ ಸಂಜೆಯ ಹಾಜರಿಯಲ್ಲಿ ಶಿದ್ರಾಮಪ್ಪ ಎಲ್ಲರೂ ಕೇಳುವಂತೆ ಹೇಳಿದ್ದ ಮಾತು ಅವನನ್ನು ಬೆಳಗಿನವರೆಗೂ ಕಾಡಿತ್ತು: "ಗಿರಮಲ್ಲಪ್ಪ, ನಿನ್ನ ಮುಂದ ಒಂದ ಮಾತ ಹೇಳೂದೈತಿ. ಗಾಳಿಯಾಗ ಹೇಳೂವಂಥಾದ್ದಲ್ಲ. ನಾಳಿ ನಾನ ಬರ್ತೇನಿ." ಬಾಳೇಶನ ಜಗಳದ ವಿಷಯ ಇರಬೇಕೆಂದು ಇವನು ಅಂದುಕೊಂಡಿದ್ದ.

ಎಲ್ಲವನ್ನೂ ಕೇಳಿದ ಮಲ್ಲಿನಾಥ ಮೊದಲ ಸಲ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. "ಪುಸ್ತಕ ನಾಳಿ ಹತ್ತಕ್ಕ ನನ್ನ ಕೈಯಾಗ ಇರಬೇಕು. ಸಾಯಂಕಾಲ ಆಗೂದ್ರಾಗ ನಿಮ್ಮ ಬಾಳೇಶ ಹೊರಗ ಇರ್ತಾನ. ಆದ್ರ ಇದನ್ನ ಹೇಳ್ರಿ, ಜಮಖಂಡ್ಯಾಗ ಇನ್ನೊಂದು ಸೆಟ್ಟು ಯಾರ ಕಡೆ ಐತಿ?"

"ವಿಚಾರ ಮಾಡಿ ಹೇಳ್ತೇನ್ರಿ," ಎಂದ ಗಿರಮಲ್ಲಪ್ಪ.

ವಿಚಾರ ಮಾಡುವುದು ಏನೂ ಇರಲಿಲ್ಲ. ಜಮಖಂಡಿಯಲ್ಲಿ ಇನ್ನೊಂದೇ ಸೆಟ್ಟು ಇತ್ತು, ಮತ್ತು ಅದರ ಮಾಲೀಕ ಅವನ ಮೂವತ್ತು ವರ್ಷದ ಗೆಳೆಯ. ಪೊಲೀಸನಾಗಿ ಬಾಳಿದವನು ಪೊಲೀಸನಿಗೆ ಮುಚ್ಚಿಟ್ಟ. ಗೆಳೆಯನ ಮುಖ ನೋಡಿ ಮೊದಲು ತಾನೇ ಕೇಳಬೇಕೆಂಬುದು ಅವನ ಹಟ. ಆ ಹಟದ ಬೆಲೆ ಏನೆಂದು ತಿಳಿಯಲು ಇನ್ನು ಮೂರು ತಾಸೂ ಬೇಕಾಗಲಿಲ್ಲ.

ಬಸ್ಸು ಹತ್ತುವಾಗ ಕಾವೇರಿ ಕಿಟಕಿಯ ಹತ್ತಿರ ಬಂದು ನಿಂತಳು. "ಕಾಕಾರ, ನಾಳಿ ಮರೀಬ್ಯಾಡ್ರಿ," ಎಂದಳಷ್ಟೇ. ಬೈಗುಳ ತಿಂದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

*

ಜಮಖಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ರಾಚಪ್ಪನ ರೇಡಿಯೋ ದುರಸ್ತಿ ಅಂಗಡಿ. ನಾಲ್ಕೂ ಸೆಟ್ಟುಗಳಿಗೆ ಜೀವ ಕೊಟ್ಟವನು ಇವನೇ. ಗುಜರಿಯಲ್ಲಿ ಉಳಿದ ನಾಲ್ಕು ಕೆಟ್ಟ ಸೆಟ್ಟುಗಳ ಬಿಡಿಭಾಗ ಕೂಡಿಸಿ ತನಗೂ ಒಂದು ಮಾಡಿಕೊಂಡಿದ್ದ. ಆದರೆ ಹಾಜರಿಗೆ ಸೇರಿದವನಲ್ಲ. ಬೆಂಚಿನ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದ.

ಗಿರಮಲ್ಲಪ್ಪ ಒಳಗೆ ಬಂದಾಗ ಐದೂ ಮುಕ್ಕಾಲು. ರಾಚಪ್ಪ ಬೆಸುಗೆ ಹಾಕುವ ಕಡ್ಡಿ ಹಿಡಿದು ಟೇಪ್‌ರೆಕಾರ್ಡರಿನ ಹೊಟ್ಟೆಗೆ ಮುಖ ಹುದುಗಿಸಿದ್ದ.

"ಬಾರಲೇ ಗಿರ್ಯಾ. ಮಾರಿ ಯಾಕ ಹಂಗ ಮಾಡಿ?"

"ಕದಾ ಹಾಕು."

"ಗಿರಾಕಿ ಬರೂ ಹೊತ್ತು..."

"ಹಾಕು ಅಂದ್ನಿಲ್ಲೋ!"

ರಾಚಪ್ಪ ಕಡ್ಡಿ ಕೆಳಗಿಟ್ಟು ಎದ್ದು ಅರ್ಧ ಶಟರು ಎಳೆದ. ಒಳಗೆ ಕತ್ತಲು ಕವಿಯಿತು, ಬೆಂಚಿನ ದೀಪ ಒಂದೇ ಉಳಿಯಿತು.

"ಹತ್ತೊಂಬತ್ತನೇ ತಾರೀಖ ಮುಂಜಾನಿ ಆರಕ್ಕ ಎಲ್ಲಿದ್ದಿ?"

"ಚಾಕರಿ ಬಿಟ್ಟ ಆರ ವರ್ಷಾತು, ಇನ್ನೂ ಪೊಲೀಸ್ ಗತ್ತು ಹೋಗಿಲ್ಲ ನಿಂದು."

"ರಾಚ್ಯಾ, ನಗಬ್ಯಾಡ. ಎಲ್ಲಿದ್ದಿ?"

"ಇಲ್ಲೇ. ಚಹಾ ಕುಡಕೋತ ನಿಮ್ಮ ಹಾಜರಿ ಕೇಳಾಕತ್ತಿದ್ನಿ."

"ಬನಹಟ್ಟಿ ಅಂದಾಗ ಎರಡ ಟಕ್ ಕೇಳಿದಿ?"

"ಕೇಳೀನಿ. ಅದರಾಗೇನೈತಿ?"

"ನನ್ನ ಮುಳ್ಳು ಒಂಬತ್ತಕ್ಕ ಬಡದೈತಿ. ಆ ಟಕ್ ಈ ಊರಾಗಿಂದ ಬಂದೈತಿ. ಈ ಊರಾಗ ಇರೂ ಸೆಟ್ಟು ಎರಡು. ಒಂದರ ಮುಂದ ನಾ ಕುಂತಿದ್ನಿ. ಇನ್ನೊಂದರ ಮುಂದ ನೀ ಕುಂತಿದ್ದಿ."

ಅದರ ಅರ್ಥ ಹೊಳೆದ ರಾಚಪ್ಪ ಸ್ಟೂಲು ಎಳೆದು ಕೂತ.

"ನನ್ನ ಮದವಿ ಸೀರಿ ನೇಯ್ದಾಂವ ಅಂವ, ಗಿರ್ಯಾ. ಒಂದ ಪೈಸೆ ತೊಗೊಳ್ಳಲಿಲ್ಲ. ಆ ಸೀರಿ ಇನ್ನೂ ಟ್ರಂಕಿನಾಗೈತಿ. ನಾ ಅವನ ತಲಿ ಒಡದು, ಇಲ್ಲಿ ಬಂದು ಕುಂತು, ಅವನ ಹೆಸರಲೆ ಗುಂಡಿ ಒತ್ತೀನಿ ಅಂತೀಯಾ?"

"ನೀ ಕೊಂದಿ ಅಂದಿಲ್ಲ. ಯಾರದರ ಸಲುವಾಗಿ ಒತ್ತಿರಬಹುದು. ಹೇಳಿಬಿಡು. ಬಾಳೇಶ ಜೇಲಿನಾಗ ಅದಾನ. ನನ್ನ ಮಾತಿನಿಂದ ಅದಾನ."

ರಾಚಪ್ಪ ಹಲಗೆಯ ಮೇಲಿನ ಸೆಟ್ಟನ್ನು ಇಳಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಮೇಲಿನ ತಗಡು ಎತ್ತಿ ಗೆಳೆಯನ ಕಡೆ ತಿರುಗಿಸಿದ. ಒಳಗೆ ಎರಡು ಸಾಲು. ಉಗುರಿನಷ್ಟಗಲದ ಹೊಳೆಯುವ ಲೋಹದ ಡಬ್ಬಿಗಳು, ಪ್ರತಿಯೊಂದರ ಮೇಲೂ ಚಾನೆಲ್ಲಿನ ಅಂಕಿ.

"ಇವು ಕ್ರಿಸ್ಟಲ್. ಒಂದೊಂದು ಚಾನೆಲ್ಲಿಗೆ ಎರಡೆರಡು ಬೇಕು. ಈ ಸಾಲು ಕೇಳಾಕ, ಈ ಸಾಲು ಮಾತಾಡಾಕ. ಹನ್ನೊಂದರದು ಹುಡುಕು."

ಕೇಳುವ ಸಾಲಿನಲ್ಲಿ ಹನ್ನೊಂದು ಇತ್ತು. ಮಾತಾಡುವ ಸಾಲಿನಲ್ಲಿ ಅದರ ಜಾಗದಲ್ಲಿ ಎರಡು ತೂತು ಮಾತ್ರ ಇದ್ದವು.

ರಾಚಪ್ಪ ಮೈಕಿನ ಗುಂಡಿ ಒತ್ತಿ ಹಿಡಿದ. ಮುಂಭಾಗದ ಕೆಂಪು ದೀಪ ಹತ್ತಲಿಲ್ಲ. "ಹನ್ನೊಂದರ ಮ್ಯಾಲ ಈ ಸೆಟ್ಟಿಗೆ ಕಿವಿ ಐತಿ, ಬಾಯಿಲ್ಲ. ಟಕ್ ಅನ್ನಾಕೂ ಬರಂಗಿಲ್ಲ."

"ಯಾವಾಗ ತಗದಿ?"

"ಸಂಕ್ರಮಣದ ಹಿಂದಿನ ದಿನ. ಇನ್ನೊಂದು ಸೆಟ್ಟಿಗೆ ಹಾಕಿದ್ನಿ."

"ಇನ್ನೊಂದು ಯಾವ ಸೆಟ್ಟು?"

ರಾಚಪ್ಪ ತಗಡು ಮುಚ್ಚಿ ಸ್ಕ್ರೂ ತಿರುಗಿಸುತ್ತ ಕೂತ. ಸಿಟ್ಟು ಇಳಿದು ಮುಖದಲ್ಲಿ ಸಂಕೋಚ ಬಂದಿತ್ತು. "ಹೇಳಬ್ಯಾಡ ಅಂದಾನೋ. ಉಗಾದಿಗೆ ನಿನ್ನ ಕೈಯಾಗ ಕೊಡಾಂವ ಇದ್ದ. ಮಾವಾರ ಸೆಟ್ಟು ಹಳೀದಾತು, ಕೈ ಕೊಟ್ರ ಇರ್ಲಿ ಅಂತ ಇನ್ನೊಂದು ಮಾಡಿಕೊಡ್ರಿ ಅಂದ. ಕೆಟ್ಟಿದ್ದ ಸೆಟ್ಟಿನ್ಯಾಗ ಒಂದನ್ನ ತಿದ್ದಿ ಕೊಟ್ನಿ, ಹನ್ನೊಂದರದು ಎಲ್ಲೂ ಸಿಗಲಿಲ್ಲ, ನಂದೇ ತಗದು ಹಾಕಿದ್ನಿ. ನನಗೇನ ಮಾತಾಡೂದೈತಿ, ಕೇಳಿದ್ರ ಸಾಕು. ಎಂಥಾ ಛಲೋ ಅಳ್ಯಾ ಸಿಕ್ಕಾನ ಗಿರ್ಯಾಗ, ಅಂತ ನನ್ನ ಹೆಂಡ್ತಿ ಮುಂದ ಸೈತ ಹೇಳೀನಿ."

ಅಮೋಲ. ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್. ಕಬ್ಬಿನ ಹಂಗಾಮು ಶುರುವಾದರೆ ಕಡಿಯುವ ತಂಡಗಳ ಹಿಂದೆ ಜೀಪಿನಲ್ಲಿ ತಿರುಗುವವನು. ಯಾವ ಹೊತ್ತಿಗೆ ಹೋದರೂ, ಯಾವ ಹೊತ್ತಿಗೆ ಬಂದರೂ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೂರು ವರ್ಷದಿಂದ ಅದೇ ಸೂರಿನಡಿ ಇದ್ದು ದಿನಾ ಬೆಳಿಗ್ಗೆ ಹಾಜರಿ ಕೇಳಿದವನಿಗೆ ಎರಡು ಟಕ್‌ನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಲೆಯ ಹಿಂದಿನ ಸಂಜೆ ಶಿದ್ರಾಮಪ್ಪ ಗಾಳಿಯಲ್ಲಿ ಹೇಳುವಂಥದ್ದಲ್ಲ ಎಂದಾಗ ಅಮೋಲ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಕಪ್ಪಿನಲ್ಲಿ ಅರ್ಧ ಬಿಟ್ಟು ಎದ್ದಿದ್ದ. ಆ ಮಾತು ಬಾಳೇಶನದಲ್ಲ, ಇವನದೇ ಇರಬೇಕು.

ಮತ್ತು ಆ ಬೆಳಿಗ್ಗೆ. ಆರು ನಾಲ್ಕಕ್ಕೆ ಎರಡು ಟಕ್. ಆರು ಐದಕ್ಕೆ ಹಿತ್ತಲಲ್ಲಿ ಜೀಪು ಶುರುವಾದ ಸದ್ದು. "ಹೊಲಕ್ಕ ಹೋಗಿ ಬರ್ತೇನ್ರಿ ಮಾವಾರ." ಮುಳ್ಳು ಒಂಬತ್ತಕ್ಕೆ ಬಡಿದದ್ದು ಈ ಅಂಗಡಿಯಿಂದಲ್ಲ, ತನ್ನ ಮನೆಯ ಗೋಡೆಯಾಚೆಯಿಂದ. ರೇಷ್ಮಾ ಅದೇ ಹೊತ್ತಿಗೆ ಅವನ ಡಬ್ಬಿಗೆ ರೊಟ್ಟಿ ಕಟ್ಟಿ ಕೊಟ್ಟಿದ್ದಳು.

"ರಾಚ್ಯಾ," ಎಂದ ಗಿರಮಲ್ಲಪ್ಪ. "ಆ ಪುಸ್ತಕ ಮನ್ಯಾಗೈತಿ. ಅಂವ ಬಾಜೂಕ ಇದ್ದಾಗನ ಫೋನಿನಾಗ ಓದಿಸೀನಿ. ಕೋರ್ಟಿಗೆ ಬೇಕು ಅಂತ ಬ್ಯಾರೆ ಹೇಳೀನಿ."

ಗೋಡೆಯ ಗಡಿಯಾರ ಆರು ಹೊಡೆಯಿತು. ಬೆಂಚಿನ ಮೇಲಿನ ಸೆಟ್ಟಿನ ಗರಗರ ಸದ್ದು ತಟ್ಟನೆ ನಿಂತಿತು. ಯಾರೋ ಗುಂಡಿ ಒತ್ತಿದ್ದರು.

"ಹನ್ನೊಂದರ ಮ್ಯಾಲ ಇರೂ ಎಲ್ಲಾರಿಗೂ ನಮಸ್ಕಾರ್ರಿ. ನಾ ಅಮೋಲ. ಮಾವಾರು ಇನ್ನೂ ಮನಿಗೆ ಬಂದಿಲ್ಲ. ಹಾಜರಿ ತಪ್ಪಬಾರದಲ್ರಿ, ಇವತ್ತ ನಾ ಕರೀತೇನಿ. ಮುಧೋಳ?"

ರಾಚಪ್ಪನ ಸೆಟ್ಟಿನ ಮುಳ್ಳೂ ಒಂಬತ್ತಕ್ಕೆ ಬಡಿದು ನಿಂತಿತ್ತು.

ನಾಯಿಗಳ ಬೊಗಳಿಕೆಯ ನಡುವೆ ಪಾಂಡಪ್ಪನ ದೊಡ್ಡ ದನಿ ಬಂತು. "ಹಾಜರ್! ಪುಸ್ತಕದಾಗ ಬರಕೋ ತಮ್ಮಾ, ಇಲ್ಲಂದ್ರ ನಿಮ್ಮ ಮಾವ ಸಿಟ್ಟಾಗತಾನ."

"ಪುಸ್ತಕ ಹೋತ್ರಿ ಕಾಕಾರ. ರದ್ದಿ ಅಂತ ತಿಳದು ರೇಷ್ಮಾ ನೀರೊಲಿಗೆ ಹಾಕಿಬಿಟ್ಟಾಳ. ನಾಳಿಂದ ಹೊಸಾದು ಹಚ್ಚೋಣಂತ. ಬೀಳಗಿ?"

ಟಕ್, ಟಕ್. ಪದ್ಮವ್ವ.

"ಗಿರ್ಯಾ," ರಾಚಪ್ಪ ಪಿಸುಗುಟ್ಟಿದ, "ಅಂವ ಮಾತಾಡೂ ಮುಂದ ಮುಳ್ಳು ನೋಡು. ಒಂಬತ್ತಿತ್ತು, ಈಗ ಏಳಕ್ಕ ಬಂದೈತಿ. ಮನ್ಯಾಗ ಕುಂತಾಂವಂದು ಯಾಕ ಇಳೀತೈತಿ?"

ಗಿರಮಲ್ಲಪ್ಪನಿಗೆ ಉತ್ತರ ಗೊತ್ತಿತ್ತು. ಅಮೋಲ ಮನೆಯ ಸೆಟ್ಟಿನ ಮುಂದೆ ಇರಲಿಲ್ಲ, ರಾಚಪ್ಪ ಕೊಟ್ಟ ಸೆಟ್ಟು ಇಟ್ಟುಕೊಂಡು ಜೀಪಿನಲ್ಲಿದ್ದ. ಜೀಪು ಊರು ಬಿಟ್ಟು ಹೊರಟಿತ್ತು.

"ಬನಹಟ್ಟಿ..." ಎಂದಿತು ಸೆಟ್ಟು, ತುಸು ತಡೆದು. "ಬನಹಟ್ಟಿ ಇಲ್ಲ ಬಿಡ್ರಿ ಈಗ."

ಗೇರು ಬದಲಿಸುವ ಸದ್ದು ಕೇಳಿತು. ಅದರ ಹಿಂದೆ, ಗಾಳಿಯ ಹೊಡೆತದಲ್ಲಿ, ಹೆಂಗಸಿನ ದನಿ: "ಅಪ್ಪ ಬರೂ ಹೊತ್ತಾತ್ರಿ, ಎಲ್ಲಿಗೆ ಕರಕೊಂಡ ಹೊಂಟೀರಿ?"

ಬರೆದ ಗಿರಮಲ್ಲಪ್ಪನನ್ನು ಬಿಟ್ಟರೆ ಆ ಒಂಬತ್ತನ್ನು ಕಣ್ಣಾರೆ ಓದಿದವಳು ಲೋಕದಲ್ಲಿ ಈಗ ಅವಳೊಬ್ಬಳೇ.

"ಇಲ್ಲೇ, ಹಿಪ್ಪರಗಿ ಬ್ಯಾರೇಜಿನ ತನಕ. ನೀರ ನೋಡಿ ಬರೋಣಂತ," ಎಂದ ಅಮೋಲ, ಗುಂಡಿ ಬಿಡದೆಯೇ. ಅದು ಹೆಂಡತಿಗೆ ಹೇಳಿದ್ದೋ, ಇನ್ನಾರಿಗೋ. ಮುಳ್ಳು ಐದಕ್ಕೆ ಬಂದಿತ್ತು. "ಕಡೀದು. ಜಮಖಂಡಿ, ಗಿರಮಲ್ಲಪ್ಪ?"

ಗಿರಮಲ್ಲಪ್ಪ ಮೈಕು ಕಿತ್ತುಕೊಂಡು ಗುಂಡಿ ಒತ್ತಿದ. ಕೆಂಪು ದೀಪ ಹತ್ತಲಿಲ್ಲ. "ರೇಷ್ಮಾ! ಇಳೀ! ಜೀಪಿಂದ ಇಳಿದುಬಿಡು ನನ್ನವ್ವಾ!" ಎಂದು ಅವನು ಆ ಸತ್ತ ಮೈಕಿಗೆ ಕೂಗುತ್ತಲೇ ಇದ್ದ. ಕೂಗು ಅಂಗಡಿಯ ಶಟರು ದಾಟಿ ಎಲ್ಲಿಗೂ ಹೋಗಲಿಲ್ಲ. ರಾಚಪ್ಪ ಅವನ ಬೆರಳನ್ನು ಗುಂಡಿಯಿಂದ ಬಿಡಿಸಬೇಕಾಯಿತು.

ಬಿಡಿಸಿದಾಗ ಸೆಟ್ಟಿನಲ್ಲಿ ಕೇಳಿದ್ದು ಒಂದೇ ಪದ.

"ಗೈರು."

ಮುಳ್ಳು ಮೂರಕ್ಕಿಳಿದಿತ್ತು.